ಪೈಲ್ವಾನರಿಗೆ ತಲೆನೋವು ಬರುವುದಿಲ್ಲ

ಮೇಲ್ಮಹಡಿಯಲ್ಲಿ ಹಲ್ಲಿನ ದವಾಖಾನೆ, ಅದರ ಕೆಳಗೇ ಕುಸ್ತಿಯ ತಾಲೀಮು ಇದ್ದರೆ ಇಂಥವೆಲ್ಲ ಆಗುತ್ತಲೇ ಇರುತ್ತವೆ. ನಾನು ಬೇಡವೆಂದರೂ ಮೆಟ್ಟಿಲು ಹತ್ತಿ ಬರುತ್ತವೆ.

ಹುಬ್ಬಳ್ಳಿಯ ನವನಗರದ ಈ ಕಟ್ಟಡಕ್ಕೆ ಮೊದಲು ಬಂದವಳು ನಾನೇ. ಆಗ ಕೆಳಗೆ ಸಿಮೆಂಟಿನ ಗೋದಾಮು ಇತ್ತು. ಸಿಮೆಂಟು ಮಾತಾಡುವುದಿಲ್ಲ, ಹಾಗಾಗಿ ಸುಖವಾಗಿದ್ದೆ. ಆಮೇಲೆ ವಸ್ತಾದರು ಬಂದರು, ಮ್ಯಾಟು ಹಾಸಿದರು, ಗೋಡೆಗೆ ಹನುಮಪ್ಪನ ಫೋಟೋ ಹಾಕಿದರು, ಹದಿನೆಂಟು ಪೈಲ್ವಾನರನ್ನು ತುಂಬಿದರು. ವಸ್ತಾದರೆಂದರೆ ಕುಸ್ತಿ ಕಲಿಸುವ ಗುರು. ಅರವತ್ತು ದಾಟಿದ ಮನುಷ್ಯ, ಹಿಸುಕಿದ ಕಿವಿ, ಕಂಬದಂಥ ಕುತ್ತಿಗೆ. ಅವರು ಕೆಳಗೆ ನಿಂತು "ಕಾಲ್ ಹಿಡೀ!" ಎಂದು ಒದರಿದರೆ ಮೇಲೆ ನನ್ನ ಪೇಶಂಟು ಬಾಯಿ ಮುಚ್ಚಿಬಿಡುತ್ತಾನೆ, ನನ್ನ ಬೆರಳು ಒಳಗಿರುವಾಗಲೇ. ನನ್ನ ತಂದೆ ಧಾರವಾಡದಲ್ಲಿ ಸಂಗೀತದ ಮಾಸ್ತರರಾಗಿದ್ದವರು. ನಮ್ಮ ಮನೆಯಲ್ಲಿ ಬೈಯುವುದಿದ್ದರೂ ಮೆಲ್ಲನೆಯ ದನಿಯಲ್ಲೇ ಬೈಯುತ್ತಿದ್ದರು. ಇಂಥ ಮನೆಯ ಮಗಳಿಗೆ ಇಂಥ ನೆರೆ.

ತಾಲೀಮಿನಲ್ಲಿ ಒಂದು ಕಾಯಿದೆ ಇತ್ತು. 'ನೋವು' ಎಂಬ ಮಾತು ಆಡುವಂತಿಲ್ಲ. ಆಡಿದವರು ಅಲ್ಲೇ ಇನ್ನೂರು ಬೈಠಕ್, ಅಂದರೆ ಬಸ್ಕಿ, ಹೊಡೆಯಬೇಕು. ಆದರೆ ಕುಸ್ತಿಯಲ್ಲಿ ಪೆಟ್ಟು ಬೀಳುವುದು ಗದ್ದಕ್ಕೆ, ಪಟ್ಟು ಹಾಕುವಾಗ ಬಿಗಿಯುವುದು ಹಲ್ಲು, ಸಿಡಿಯುವುದು ತಲೆ. ದವಡೆಯ ಕೀಲು ಕೆಟ್ಟರೆ ತಲೆನೋವು ತಪ್ಪಿದ್ದಲ್ಲ. ಹೀಗಾಗಿ ನೋವಿರುವ, ಆದರೆ ನೋವೆನ್ನಲು ಬಾರದ ಹದಿನೆಂಟು ಮಂದಿ ನನ್ನ ಪಾಲಿಗೆ ಬಂದರು. ಅವರಲ್ಲಿ ಹದಿನೇಳು ಮಂದಿಯಿಂದ ನಾನು ನಕ್ಕಿದ್ದೇ ಹೆಚ್ಚು. ಒಬ್ಬಳಿಂದ ಮಾತ್ರ ಎದೆ ಹಿಡಿದುಕೊಂಡು ಕೂತದ್ದೂ ಉಂಟು. ಅವಳ ಮಾತು ಮುಂದೆ ಬರುತ್ತದೆ.

ಗೆಳೆಯನ ನೋವು

ಮೊದಲು ಮೆಟ್ಟಿಲು ಹತ್ತಿದವನು ತೊಂಬತ್ತು ಕಿಲೋ ತೂಗುವ ಒಬ್ಬ ಪೈಲ್ವಾನ. ಬಾಗಿಲಲ್ಲಿ ನಿಂತು, ಒಳಗೆ ತಾಲೀಮಿನವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, "ಅಕ್ಕಾರ, ನಮ್ಮ ಗೆಳ್ಯಾಗ ತಲಿನೋವು ಐತ್ರಿ" ಎಂದ.

"ಎಲ್ಲೆ ನೋಯತದಂತ?"

"ಕಿವಿ ಮುಂದರಿ. ಮುಂಜಾನೆ ಎದ್ದಕೂಡ್ಲೆ ಬಾಯಿ ತೆರಿಯಾಕ ಬರಂಗಿಲ್ಲ. ಆಕಳಿಸಿದ್ರ ಕಟ್ ಅಂತೈತಿ. ಎಡಮಗ್ಗಲಿಗೆ ಮಲಗಿದ್ರಂತೂ ಭಾಳ ತ್ರಾಸರಿ."

"ನಿನ್ನ ಗೆಳೆಯಾ ಯಾವ ಮಗ್ಗಲಿಗೆ ಮಲಗತಾನ ಅಂತ ನಿನಗ ಹ್ಯಾಂಗ ಗೊತ್ತಪಾ?"

"ಹೇಳ್ತಾನ್ರಿ. ಎಲ್ಲಾ ಹೇಳ್ತಾನ್ರಿ ಅಂವ."

ಇಷ್ಟು ಹೇಳುವಷ್ಟರಲ್ಲಿ ಅವನ ದವಡೆಯೇ ಎರಡು ಸಲ ಕಟ್ ಎಂದಿತು. ಏನು ಮುರಿಯಿತೋ ಎಂದು ಆಚೆ ಕೋಣೆಯಿಂದ ನಮ್ಮ ಸಿಸ್ಟರ್ ಇಣುಕಿ ನೋಡಿದಳು. ನಾನು ಏನೂ ಗೊತ್ತಾಗದವಳ ಹಾಗೆ, "ಹಂಗಾರ ಗೆಳೆಯಾನ್ನ ಕರಕೊಂಡು ಬಾ" ಎಂದೆ.

ಮರುದಿನ ನಿಜಕ್ಕೂ ಒಬ್ಬನನ್ನು ಹಿಡಿದುಕೊಂಡು ಬಂದ. ಆ ಬಡಪಾಯಿಗೆ ತಾನು ಯಾಕೆ ಬಂದಿದ್ದೇನೆ ಎಂಬುದೂ ಗೊತ್ತಿದ್ದಂತಿರಲಿಲ್ಲ. ಹೇಳಿದ ಕಡೆ ಮಲಗಿದ, ಹೇಳಿದಷ್ಟು ಬಾಯಿ ತೆರೆದ. ಅವನ ದವಡೆಯನ್ನು ಎಲ್ಲೆಲ್ಲಿ ಒತ್ತಿದರೂ ಹಾಯಾಗಿ ಮಲಗಿದ್ದ. ನಮ್ಮ ತೊಂಬತ್ತು ಕಿಲೋ ಪಕ್ಕದಲ್ಲಿ ನಿಂತು ಚಡಪಡಿಸುತ್ತಿದ್ದ.

"ಅಲ್ಲಲ್ರಿ ಅಕ್ಕಾರ, ಇನ್ನೊಂಚೂರು ಮ್ಯಾಲೆ. ಇಲ್ಲಿ, ಇಲ್ಲಿ" ಎಂದು ತನ್ನದೇ ಕೆನ್ನೆಯ ಮೇಲೆ ಬೆರಳಿಟ್ಟು ತೋರಿಸಿದ.

ನಾನು ಆ ಬೆರಳು ಸರಿಸಿ, ಅದೇ ಜಾಗದಲ್ಲಿ ಮೆಲ್ಲಗೆ ಒತ್ತಿದೆ. "ಯವ್ವಾ!" ಎಂದು ಒದರಿ ಎರಡು ಹೆಜ್ಜೆ ಹಿಂದೆ ಹಾರಿದ. ಮಲಗಿದ್ದವನು ಗಾಬರಿಯಿಂದ ಎದ್ದು ಕೂತ. ಪೈಲ್ವಾನ ಕಣ್ಣೀರು ಒರೆಸಿಕೊಂಡು, ಗೆಳೆಯನ ಕಡೆ ಕೈ ಮಾಡಿ ಹೇಳಿದ:

"ನೋಡಿದ್ರಿಲ್ರಿ ಅಕ್ಕಾರ, ಅಂವಗ ಎಷ್ಟು ನೋವೈತಿ ಅಂತ?"

ಫೋಟೋ

ಆ ತೊಂಬತ್ತು ಕಿಲೋ ಪೈಲ್ವಾನನ ದವಡೆಯ ಎಕ್ಸ್-ರೇ ತೆಗೆಯಬೇಕಾಯಿತು. ನಮ್ಮ ಯಂತ್ರ ತಲೆಯ ಸುತ್ತ ಒಂದು ಸುತ್ತು ಬಂದು ಎರಡೂ ದವಡೆಯ ಉದ್ದಕ್ಕೂ ಫೋಟೋ ತೆಗೆಯುತ್ತದೆ. ಅಲುಗಾಡದೆ ನಿಂತರೆ ಸಾಕು. ಇವನು ಅಂಗಿ ಬಿಚ್ಚಿ, ಎದೆ ಉಬ್ಬಿಸಿ, ಎರಡೂ ತೋಳು ಮಡಚಿ, ಉಸಿರು ಹಿಡಿದು ನಿಂತುಬಿಟ್ಟ.

"ದವಡಿ ಅಷ್ಟೇ ಬರ್ತದಪಾ, ತೋಳು ಬರೂದಿಲ್ಲ."

"ಇರ್ಲಿ ತಗೀರ್ರಿ. ಮಾರಿ ಮ್ಯಾಲೆ ಒಂದು ಕಳೆ ಬರತೈತಿ."

ಕಂಪ್ಯೂಟರಿನ ಮೇಲೆ ಫೋಟೋ ಬಂತು. ಕಳೆಯೇನೂ ಇರಲಿಲ್ಲ, ಎಲುಬು ಮತ್ತು ಹಲ್ಲು ಅಷ್ಟೇ. ಅವನು ಬಗ್ಗಿ ಬಹಳ ಹೊತ್ತು ನೋಡಿದ. ಆಮೇಲೆ ಇನ್ನೊಂದು ಕಾಪಿ ಬೇಕೆಂದ. ಯಾಕೆಂದು ಕೇಳಿದೆ.

"ಮನ್ಯಾಗ ನನಗ ಹೆಣ್ಣು ನೋಡಾಕತ್ತಾರ್ರಿ. ಅವ್ರ ಕಡಿಯಿಂದ ಫೋಟೋ ಕೇಳ್ಯಾರ. ಮಾರಿ ಎಲ್ಲಾರೂ ಕಳಸ್ತಾರ್ರಿ ಅಕ್ಕಾರ. ಮೂವತ್ತೆರಡೂ ಗಟ್ಟಿ ಅದಾವಂತ ಯಾರು ತೋರಸ್ತಾರ?"

ಸುಳ್ಳದ ಹುಡುಗಿ

ಆ ಹದಿನೆಂಟು ಮಂದಿಯಲ್ಲಿ ಹುಡುಗಿ ಒಬ್ಬಳೇ. ಸುಳ್ಳ ಎಂಬ ಊರಿನವಳು, ಹತ್ತೊಂಬತ್ತು ವಯಸ್ಸು. ದಿನವೂ ಮೊದಲ ಬಸ್ಸಿಗೆ ಹುಬ್ಬಳ್ಳಿಗೆ ಬಂದು, ಅಲ್ಲಿಂದ ಇಲ್ಲಿಗೆ ಬಂದು, ತಾಲೀಮು ಮುಗಿಸಿ ಕಾಲೇಜಿಗೆ ಹೋಗುತ್ತಿದ್ದಳು. ವಸ್ತಾದರ ಶಿಷ್ಯರು ಯಾರೂ ಅಲ್ಲಿಯವರೆಗೆ ಜಿಲ್ಲೆ ದಾಟಿ ರಾಜ್ಯಮಟ್ಟಕ್ಕೆ ಹೋದವರಲ್ಲ. ಇವಳು ಹೋಗುತ್ತಾಳೆ ಎಂದು ಅವರು ಕಂಡಕಂಡವರಿಗೆ ಹೇಳುತ್ತಿದ್ದರು. ಹುಡುಗಿಗೂ ಅದೊಂದೇ ಧ್ಯಾನ.

ಅವಳನ್ನು ನನ್ನ ಹತ್ತಿರ ಎಳೆದು ತಂದವರು ಅವಳ ತಾಯಿ.

"ಅಕ್ಕಾರ, ಈಕಿಗೆ ದಿನಾ ತಲಿನೋವರಿ."

"ನನಗ ತಲಿನೋವ ಇಲ್ಲಬೇ ಯವ್ವಾ" ಎಂದಳು ಹುಡುಗಿ.

"ಸುಮ್ಮಕಿರು. ಅಕ್ಕಾರ, ಈಕಿ ಮನ್ಯಾಗ ಮಾತಾಡ್ಲಾರದ ಸುಮ್ಮ ಕುಂತ್ಲಂದ್ರ ತಲಿನೋವು ಬಂದೈತಿ ಅಂತನ ಅರ್ಥ. ಹಡದಾಕಿ ನಾ, ನನಗ ಗೊತ್ತಾಗಂಗಿಲ್ಲೇನ್ರಿ? ಆಡೂದಕ್ಕ ನಾ ಬ್ಯಾಡ ಅಂದಿಲ್ಲ. ಕೈ ಮುರದ್ರ ಕೂಡತೈತಿ, ಕಾಲು ಮುರದ್ರ ಕೂಡತೈತಿ. ತಲಿ ಅಂದ್ರ ತಲಿನ. ಇದು ಹೋಗ್ಲಿಲ್ಲಂದ್ರ ಆಕಿ ಕುಸ್ತಿ ಬಂದ್. ಇದ ಕಡೀ ಮಾತು."

ಹುಡುಗಿಯ ಮುಖ ಸಣ್ಣದಾಯಿತು. ಪರೀಕ್ಷೆ ಮಾಡಿದೆ. ಗಂಭೀರವಾದದ್ದೇನೂ ಇರಲಿಲ್ಲ. ಪಟ್ಟು ಹಾಕುವಾಗ ಹಲ್ಲು ಕಚ್ಚಿ ಕಚ್ಚಿ ದವಡೆಯ ಸ್ನಾಯು ಬಿಗಿದಿತ್ತು. ಬಿಸಿ ಶಾಖ, ಸ್ವಲ್ಪ ವ್ಯಾಯಾಮ, ಆಡುವಾಗ ಹಲ್ಲಿಗೆ ಹಾಕಿಕೊಳ್ಳಲು ಒಂದು ಗಾರ್ಡ್. ಅದು ರಬ್ಬರಿನಂಥ ಮೆತ್ತನೆಯ ಕವಚ. ಅವರವರ ಹಲ್ಲಿನ ಅಚ್ಚು ತೆಗೆದು ಅವರವರಿಗೇ ಮಾಡಬೇಕು. ಮಾಡಿಕೊಟ್ಟೆ. ನೋವಾದರೆ ಮುಚ್ಚಿಡಬೇಡ ಎಂದೂ ಹೇಳಿದೆ. ಹೂಂ ಎಂದಳು.

ಎರಡು ವಾರದ ಮೇಲೆ ತಾಯಿ ಒಬ್ಬರೇ ಬಂದರು, ಕಣ್ಣು ಕೆಂಪಗೆ, ಹಣೆಗೆ ಬಾಮ್ ಹಚ್ಚಿಕೊಂಡು.

"ಹ್ಯಾಂಗಿದ್ದಾಳ ಮಗಳು?"

"ಆಕಿ ತಲಿನೋವು ಹೋತು ಕಾಣತೈತ್ರಿ. ಸುಮ್ಮ ಕುಂತ್ರ ನನಗ ತಿಳೀತೈತಿ ಅಂತ ಆಕಿಗೆ ಗೊತ್ತಾಗೈತಲ್ಲ? ಮನಿಗೆ ಬಂದಾಗಿಂದ ಮಲಗೂತನಕ ಮಾತಾಡಾಕತ್ತಾಳ್ರಿ. ಎಮ್ಮಿ ಜೋಡಿ ಸೈತ ಮಾತಾಡ್ತಾಳ. ಅಕ್ಕಾರ, ಈಗ ನನಗ ತಲಿನೋವು."

ಅಂತರ

ದವಡೆ ನೋವಿನವರಿಗೆ ನಾನು ಹೇಳುವ ಮೊದಲ ಮಾತು ಒಂದೇ: ತುಟಿ ಕೂಡಿರಲಿ, ಹಲ್ಲು ಕೂಡಬಾರದು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಸ್ವಲ್ಪ ಅಂತರ ಇಟ್ಟುಕೊಂಡರೆ ಸ್ನಾಯುವಿಗೆ ವಿಶ್ರಾಂತಿ. ತೊಂಬತ್ತು ಕಿಲೋ ಪೈಲ್ವಾನನಿಗೂ ಇದನ್ನೇ ಹೇಳಿದೆ.

"ಎಷ್ಟು ಅಂತರರಿ?"

ಬಾಯಿಗೆ ಬಂದದ್ದು ಹೇಳಿಬಿಟ್ಟೆ. "ಒಂದು ಉತ್ತತ್ತಿ ಬೀಜದಷ್ಟು ಇರ್ಲಿ ಅಂತ ತಿಳ್ಕೊ."

ಒಂದು ವಾರದ ಮೇಲೆ ಕೆಳಗಿನಿಂದ "ಕಾಲ್ ಹಿಡೀ" ಬಿಟ್ಟರೆ ಬೇರೆ ಸದ್ದೇ ಇಲ್ಲ. ಮುಂಜಾನೆಯ ಹೊತ್ತು ಕೂಗಾಟ, ನಗೆ ಇರಬೇಕಾದಲ್ಲಿ ಹೀಗೆ ಮೌನವಾದರೆ ಹೆದರಿಕೆಯಾಗುತ್ತದೆ. ಇಳಿದು ಹೋಗಿ ನೋಡಿದೆ. ಸಾಲಾಗಿ ನಿಂತು ಬೈಠಕ್ ಹೊಡೆಯುತ್ತಿದ್ದ ಹದಿನೆಂಟು ಮಂದಿಯ ಬಾಯಲ್ಲೂ ಒಂದೊಂದು ಇಡೀ ಉತ್ತತ್ತಿ, ಹಲ್ಲಿನ ನಡುವೆ ಅಡ್ಡಕ್ಕೆ.

ವಸ್ತಾದರು ಹಿಗ್ಗಿನಿಂದ ಮುಂದೆ ಬಂದರು. "ಒಬ್ಬಗ ಛಲೋ ಆದದ್ದು ಎಲ್ಲಾರಿಗೂ ಆಗಲೇಳ್ರಿ ಅಂತ ನಾನ ಹಚ್ಚೇನಿ ಅಕ್ಕಾರ. ಖರೇ ಹೇಳ್ತೇನಿ, ನಿಮ್ಮ ಔಷಧ ಹಿಡಿಸೇತಿ."

ಉತ್ತತ್ತಿಯನ್ನು ಬೀಳದಂತೆ ಹಿಡಿಯಲು ಬೆಳಗಿನಿಂದ ಹಲ್ಲು ಕಚ್ಚಿ ಕಚ್ಚಿ ಎಲ್ಲರ ದವಡೆಯೂ ಕಲ್ಲಾಗಿತ್ತು. ಒಬ್ಬನ ರೋಗವನ್ನು ಹದಿನೆಂಟು ಮಂದಿಗೆ ಹಂಚಿದ ಡಾಕ್ಟರು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ತೆಗೆಯಿರಿ, ಮೊದಲು ತೆಗೆಯಿರಿ ಎಂದು ಕೈಮುಗಿದೆ. ತೊಂಬತ್ತು ಕಿಲೋ ತನ್ನದನ್ನು ಅಗಿದು ನುಂಗಿ, ವಿನಯದಿಂದ ಕೇಳಿದ:

"ನನಗೂ ಒಂದು ತಕರಾರು ಇತ್ರಿ ಅಕ್ಕಾರ. ಈ ಅಂತರ ಭಾಳೊತ್ತು ನಿಲ್ಲವಲ್ದು, ತಾಸಿನ್ಯಾಗ ಹೊಟ್ಟಿಗೆ ಹೋಗತೈತಿ. ಬಾದಾಮಿ ನಡೀತೈತೇನ್ರಿ?"

ಪೂಜೆ

ಕೊನೆಗೆ ಎಲ್ಲರಿಗೂ ಗಾರ್ಡ್ ಮಾಡಿಕೊಡುವುದೇ ಮೇಲು ಎಂದು ಉಳಿದ ಹದಿನೇಳು ಮಂದಿಯ ಅಚ್ಚೂ ತೆಗೆದೆ. ಎಲ್ಲವೂ ಬಿಳಿ. ಗುರುತಿಗೆ ಅವರವರ ನಂಬರು ಬರೆದ ಡಬ್ಬಿ ಕೊಟ್ಟೆ. ಬುದ್ಧಿವಂತಳೆಂದು ನನ್ನನ್ನು ನಾನೇ ಹೊಗಳಿಕೊಂಡೆ.

ದಸರೆಯ ಖಂಡೆ ಪೂಜೆಗೆ ವಸ್ತಾದರು ನನ್ನನ್ನೂ ಸಿಸ್ಟರನ್ನೂ ಕರೆದರು. ಹನುಮಪ್ಪನ ಫೋಟೋದ ಮುಂದೆ ಗದೆ, ಡಂಬೆಲ್ಲು, ಹಗ್ಗ, ಎಲ್ಲಕ್ಕೂ ಕುಂಕುಮ, ಹೂವು. ನಡುವೆ ಹಿತ್ತಾಳೆಯ ದೊಡ್ಡ ತಾಟಿನಲ್ಲಿ ಹದಿನೆಂಟು ಗಾರ್ಡು, ಒಂದೊಂದರ ಮೇಲೂ ಕುಂಕುಮದ ಬೊಟ್ಟು. ದೇವರ ಮುಂದೆ ಪ್ಲಾಸ್ಟಿಕ್ ಡಬ್ಬಿ ಚೆನ್ನಾಗಿ ಕಾಣುವುದಿಲ್ಲವೆಂದು ಡಬ್ಬಿಗಳನ್ನು ತೆಗೆದುಹಾಕಿದ್ದರು.

ಮಂಗಳಾರತಿ ಆಯಿತು. ಅವರವರದು ಅವರವರು ತೆಗೆದುಕೊಳ್ಳಿ ಎಂದರೆ ಯಾರಿಗೂ ತನ್ನದು ಯಾವುದೆಂದು ತಿಳಿಯದು. ನಾನು ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಒಳಗೆ ವಸ್ತಾದರ ದನಿ ಕೇಳಿತು:

"ಅದಕ್ಕೇನು ತಲಿ ಕೆಡಿಸ್ಕೋತೀರಿ? ಒಬ್ಬೊಬ್ಬರ ಬಾಯಾಗ ಹಾಕ್ಕೊಂಡ ನೋಡ್ರಿ. ಕೂತ್ರ ನಿಮ್ದು, ಕೂರಲಿಲ್ಲಂದ್ರ ಮುಂದಿನವಗ ಕೊಡ್ರಿ."

ನನ್ನ ಜನ್ಮದಲ್ಲಿ ಮೊದಲ ಸಲ ನಾನು ಒದರಿದೆ. ವಸ್ತಾದರ "ಕಾಲ್ ಹಿಡೀ"ಗಿಂತ ಅದು ಜೋರಾಗಿತ್ತೆಂದು ಸಿಸ್ಟರ್ ಇವತ್ತಿಗೂ ಹೇಳುತ್ತಾಳೆ. ಮೇಲೆ ಓಡಿದೆ. ಪ್ರತಿಯೊಬ್ಬರ ಹಲ್ಲಿನ ಪ್ಲಾಸ್ಟರ್ ಅಚ್ಚು ನನ್ನ ಕಪಾಟಿನಲ್ಲಿ ನಂಬರು ಹಾಕಿ ಇಟ್ಟಿರುತ್ತೇನೆ. ಹದಿನೆಂಟನ್ನೂ ಒಂದು ತಟ್ಟೆಯಲ್ಲಿ ಜೋಡಿಸಿಕೊಂಡು ಇಳಿದೆ. ಮೆಟ್ಟಿಲ ಮೇಲೆ ಎದುರಾದ ಪೇಶಂಟೊಬ್ಬರು ತಟ್ಟೆ ತುಂಬ ಬಾಯಿಗಳನ್ನು ನೋಡಿ, "ಹಬ್ಬ ಮುಗೀಲ್ರಿ, ಆಮ್ಯಾಲೆ ಬರ್ತೇನಿ" ಎಂದು ಬಂದ ದಾರಿಯಲ್ಲೇ ಇಳಿದು ಹೋದರು.

ಒಂದೊಂದು ಗಾರ್ಡನ್ನೂ ತೊಳೆದು, ಅಚ್ಚಿಗೆ ಕೂಡಿಸಿ ನೋಡಿ, ಅವರವರಿಗೆ ಕೊಡುವಷ್ಟರಲ್ಲಿ ಪ್ರಸಾದ ಆರಿಹೋಗಿತ್ತು. ತಿರುಗಿ ನೋಡಿದರೆ ವಸ್ತಾದರು ಆ ಪ್ಲಾಸ್ಟರ್ ದವಡೆಗಳನ್ನು ಸಾಲಾಗಿ ಇಟ್ಟು ಅವಕ್ಕೂ ಕುಂಕುಮ ಹಚ್ಚುತ್ತಿದ್ದರು.

"ಇವಕ್ಯಾಕ್ರಿ ವಸ್ತಾದರ?"

"ಇಂಥಾ ಪೈಲ್ವಾನರು ನನಗ ಇನ್ನತನಕ ಸಿಕ್ಕಿದ್ದಿಲ್ರಿ ಅಕ್ಕಾರ. ಅಷ್ಟೂ ಮಂದಿ ಬಾಯಿ ತಗದ ಕುಂತಾರ, ಒಬ್ಬರ ನೋವು ಅನ್ನವಲ್ರು."

ಇನ್ನೂರು ಬೈಠಕ್

ಆ ನಗೆ ಬಹಳ ದಿನ ಉಳಿಯಲಿಲ್ಲ. ಸುಳ್ಳದ ಹುಡುಗಿ ತನ್ನ ಗಾರ್ಡನ್ನು ಮನೆಗೆ ಒಯ್ದಿದ್ದಳು. ಪೂಜೆಯಾದ ವಸ್ತುವೆಂದು ತಾಯಿ ಅದನ್ನು ದೇವರ ಜಗಲಿಯ ಮೇಲೆ ಇಟ್ಟರು. ಪೂಜೆಯಾದದ್ದನ್ನು ಎಂಜಲು ಮಾಡುವುದು ಹೇಗೆಂದು ಹುಡುಗಿ ಅದನ್ನು ಅಲ್ಲೇ ಬಿಟ್ಟು ಬರಿ ಬಾಯಲ್ಲಿ ಆಡಲು ಬಂದಳು. ಆವತ್ತೇ ಜೊತೆಗಾರನ ನೆತ್ತಿ ಅವಳ ಗದ್ದಕ್ಕೆ ಕೆಳಗಿನಿಂದ ಬಡಿಯಿತು. ಗಾರ್ಡ್ ಇದ್ದಿದ್ದರೆ ದವಡೆಗಾದರೂ ಅಷ್ಟು ಪೆಟ್ಟಾಗುತ್ತಿರಲಿಲ್ಲ. ತಲೆಯ ಮಾತು ಬೇರೆ.

ಇದು ನನಗೆ ಗೊತ್ತಾಗಿದ್ದು ನಾಲ್ಕನೆಯ ದಿನ. ದವಡೆ ಸ್ವಲ್ಪ ಬಿಗಿದಿದೆ, ನೋಡಿ ಎಂದು ಹುಡುಗಿ ಬಂದಳು. ಕಿಟಕಿಗೆ ಬೆನ್ನು ಹಾಕಿ ಕೂತಳು. ಕೂತವಳೇ ಮಾತು ಶುರು ಮಾಡಿದಳು. ಬಸ್ಸಿನ ಕಂಡಕ್ಟರು, ಕಾಲೇಜಿನ ಪರೀಕ್ಷೆ, ಎಮ್ಮೆ ಕರು ಹಾಕಿದ್ದು, ಕರುವಿನ ಹಣೆಯ ಮೇಲಿನ ಬಿಳಿ ಚುಕ್ಕೆ. ಉಸಿರು ಬಿಡಲೂ ನಿಲ್ಲಲಿಲ್ಲ. ಕೇಳುತ್ತ ಕೇಳುತ್ತ ನನಗೆ ಅವಳ ತಾಯಿಯ ಮಾತು ನೆನಪಾಯಿತು. ನಾನು ಏನೂ ಹೇಳದೆ ಕುರ್ಚಿಯ ದೀಪ ಹಾಕಿದೆ. ಹುಡುಗಿ ಮುಖ ಹಿಂಡಿ ಕಣ್ಣು ಮುಚ್ಚಿದಳು, ಎರಡೂ ಕಣ್ಣಿಂದ ನೀರು ಇಳಿಯಿತು.

ದೀಪ ಆರಿಸಿದೆ. "ಎಷ್ಟು ದಿವಸ ಆತು?"

ಮೊದಲ ಸಲ ಮಾತು ನಿಂತಿತು. "ನಾಕು ದಿನಾರಿ. ಅಕ್ಕಾರ, ಅವ್ವಗ ಹೇಳಬ್ಯಾಡ್ರಿ. ಹತ್ತು ದಿನಕ್ಕ ಜಿಲ್ಲಾ ಆಯ್ಕಿ ಐತಿ. ಹೇಳಿದ್ರ ನಂದು ಮುಗದಂಗ."

ಆದರೂ ಕೆಳಗಿಳಿದು ವಸ್ತಾದರಿಗೆ ಹೇಳಿದೆ. ಇದು ದವಡೆಯ ಮಾತಲ್ಲ, ತಲೆಗೆ ಬಿದ್ದ ಪೆಟ್ಟು. ಈಗಲೇ ತಲೆಯ ಡಾಕ್ಟರಿಗೆ ತೋರಿಸಬೇಕು, ಅವರು ಹೂಂ ಎನ್ನುವವರೆಗೆ ಇವಳು ಮ್ಯಾಟಿಗೆ ಕಾಲಿಡಬಾರದು. ಒದರುತ್ತಾರೆ ಎಂದುಕೊಂಡಿದ್ದೆ. ಒದರಲಿಲ್ಲ. ಹನುಮಪ್ಪನ ಫೋಟೋ ಕಡೆ ನೋಡಿದರು.

"ಈಕಿನ್ನ ಬಿಟ್ರ ಜಿಲ್ಲಾ ದಾಟವ್ರು ನನ್ನ ಕಡೆ ಯಾರೂ ಇಲ್ರಿ" ಎಂದರು. ಆಮೇಲೆ ಚಪ್ಪಲಿ ಹುಡುಕಿದರು. "ನಡಿ ತಂಗಿ, ದವಾಖಾನಿಗೆ ನಾನ ಕರ್ಕೊಂಡ ಹೋಗ್ತೇನಿ."

ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಆದರೆ ತಲೆನೋವು ಪೂರ್ತಿ ಹೋಗುವವರೆಗೆ ವಿಶ್ರಾಂತಿ, ಆಮೇಲೂ ಹಂತಹಂತವಾಗಿ ಆಡಬೇಕು ಎಂದರು ಡಾಕ್ಟರು. ಆ ಸಲದ ಆಯ್ಕೆ ಕೈಬಿಟ್ಟಿತು. ವಸ್ತಾದರೇ ಸುಳ್ಳಕ್ಕೆ ಹೋಗಿ ತಾಯಿಯ ಮುಂದೆ ಕೂತು, "ತಪ್ಪು ಆಕಿದಲ್ರಿ ತಂಗೀ. ನೋವು ಅನಬ್ಯಾಡ ಅಂತ ನಾನ ಕಲಿಸೇನಿ" ಎಂದರು. ದೊಡ್ಡವರು ಹಾಗೆ ತಲೆ ಬಗ್ಗಿಸಿದ್ದು ನೋಡಿ ತಾಯಿ ಒಂದು ಅವಕಾಶ ಕೊಟ್ಟರು. ಮಗಳು ಪೂರ್ತಿ ಗುಣವಾಗಬೇಕು. ಮುಂದಿನ ಆಯ್ಕೆಯ ದಿನ ತಲೆನೋವು ಅಂತ ಒಂದು ಮಾತು ಬಂದರೂ ಅಲ್ಲಿಗೆ ಮುಗಿಯಿತು.

ಹುಡುಗಿ ಮಾತ್ರ ಯಾರ ಮಾತೂ ಕೇಳುವ ಹಾಗಿರಲಿಲ್ಲ. ದಿನಾ ಬಂದು ಮ್ಯಾಟಿನ ಬದಿಗೆ ಕೂತು ಸಿಟ್ಟಿನಿಂದ ನೋಡುತ್ತಿದ್ದಳು. ಎರಡು ಸಲ ಎದ್ದು ಒಳಗೆ ಇಳಿದೇಬಿಟ್ಟಳು. ಅವಳನ್ನು ತಡೆಯಲೆಂದು ನಾನೂ ಇಳಿದು ಬರುವುದಾಯಿತು. ಹೀಗೆ ಒಂದು ದಿನ ಕೂತಿದ್ದಾಗ ಅವಳಿಗಿಂತ ನನ್ನ ಕಣ್ಣು ವಸ್ತಾದರ ಮೇಲೆ ಬಿತ್ತು. ಶಿಷ್ಯರು ಪಟ್ಟು ಹಾಕಿದಾಗಲೆಲ್ಲ ಅವರ ದವಡೆ ಬಿಗಿಯುತ್ತಿತ್ತು, ಕೈ ಕಣತಲೆಗೆ ಹೋಗುತ್ತಿತ್ತು. ಹತ್ತಿರ ಹೋಗಿ ಮುಟ್ಟಿ ನೋಡಿದೆ. ಕಣತಲೆಯ ಸ್ನಾಯು ಹುರಿ ಹಾಕಿದ ಹಗ್ಗ.

"ಎಷ್ಟು ವರ್ಷದಿಂದ ತಲಿ ನೋಯತದ ವಸ್ತಾದರ?"

"ಇದ... ಬಿಗಿ ಹಿಡೀತೈತಿ ಅಷ್ಟರಿ. ಹತ್ತು ವರ್ಷ ಆಗಿರಬೇಕು."

"ನೀವು ಕುಸ್ತಿ ಬಿಟ್ರೂ ನಿಮ್ಮ ಹಲ್ಲು ಬಿಟ್ಟಿಲ್ಲ. ಇವರ ಕುಸ್ತಿ ನೋಡೂಮುಂದ ನೀವೂ ಗಾರ್ಡ್ ಹಾಕ್ಕೋಬೇಕು."

"ಕುರ್ಚಿ ಮ್ಯಾಲೆ ಕುಂತವಗ ಗಾರ್ಡ್ ಏನ್ರಿ! ಮಂದಿ ನಗಾಂಗಿಲ್ಲೇನು?"

ಬದಿಯಲ್ಲಿ ಕೂತಿದ್ದ ಹುಡುಗಿ ಎಷ್ಟೋ ದಿನದ ಮೇಲೆ ಬಾಯಿಬಿಟ್ಟಳು. "ವಸ್ತಾದರ, ನನ್ನ ಕುಸ್ತಿ ದಿನಾ ನೀವು ಗಾರ್ಡ್ ಹಾಕ್ಕೊಂಡ ಕುಂಡ್ರತೇನಿ ಅಂದ್ರ, ಡಾಕ್ಟರ್ ಹೂಂ ಅನ್ನೂತನಕ ನಾನೂ ಸುಮ್ಮ ಕುಂಡ್ರತೇನಿ. ಆದ್ರ ಮೊದ್ಲ ಖರೇ ಹೇಳ್ರಿ, ನಿಮಗ ನೋವೈತೋ ಇಲ್ಲೋ?"

ಎಲ್ಲರೂ ಆಟ ನಿಲ್ಲಿಸಿದರು. ವಸ್ತಾದರು ನನ್ನನ್ನು ನೋಡಿದರು, ಹುಡುಗಿಯನ್ನು ನೋಡಿದರು, ನೆಲ ನೋಡಿದರು.

"ಐತಿ. ಭಾಳ ನೋವೈತಿ" ಎಂದರು.

ಹಿಂದಿನಿಂದ ತೊಂಬತ್ತು ಕಿಲೋ ಪೈಲ್ವಾನನ ಮೆಲ್ಲನೆಯ ದನಿ ಬಂತು: "ವಸ್ತಾದರ, ಇನ್ನೂರು ಬೈಠಕ್."

ಹದಿನೆಂಟು ಮಂದಿಯೂ ಕೂಡಿ ಎಣಿಸಿದರು. ಮೂವತ್ತೊಂದಕ್ಕೆ ವಸ್ತಾದರು ಏದುಸಿರು ಬಿಡುತ್ತ ನಿಂತು, ಆ ಕಾಯಿದೆಯನ್ನು ಅಲ್ಲೇ ರದ್ದು ಮಾಡಿದರು.

ರಾಜ್ಯಮಟ್ಟ

ಮುಂದಿನ ಜಿಲ್ಲಾ ಆಯ್ಕೆ ಧಾರವಾಡದಲ್ಲಿ, ಗೆದ್ದವರು ರಾಜ್ಯಮಟ್ಟಕ್ಕೆ. ಹುಡುಗಿ ಮಾತು ಉಳಿಸಿಕೊಂಡಿದ್ದಳು. ತಲೆಯ ಡಾಕ್ಟರು ಹೂಂ ಎಂದ ಮೇಲೆಯೇ ಮ್ಯಾಟಿಗೆ ಇಳಿದಿದ್ದಳು. ಈಗ ನೋವಾದರೆ ನೋವೆನ್ನುತ್ತಿದ್ದಳು, ಇಲ್ಲದಾಗ ಹದವಾಗಿ ಮಾತಾಡುತ್ತಿದ್ದಳು. ನಾನು ದವಾಖಾನೆ ಮುಚ್ಚಿ ಸಿಸ್ಟರ್ ಜೊತೆ ಹೋದೆ. ಸುಳ್ಳದಿಂದ ತಾಯಿಯೂ ಬಂದಿದ್ದರು. ನನ್ನ ಪಕ್ಕ ಕೂತು ನನ್ನ ಮಣಿಕಟ್ಟು ಹಿಡಿದುಕೊಂಡರು, ಬಿಡಲೇ ಇಲ್ಲ.

ಮ್ಯಾಟಿನ ಮೂಲೆಯಲ್ಲಿ ಗುರುಗಳಿಗೆ ಒಂದು ಕುರ್ಚಿ. ವಸ್ತಾದರು ಅದರ ಮೇಲೆ ಕೂತು, ಅತ್ತಿತ್ತ ನೋಡಿ, ಜೇಬಿನಿಂದ ಡಬ್ಬಿ ತೆಗೆದು ಗಾರ್ಡ್ ಬಾಯಲ್ಲಿ ಇಟ್ಟುಕೊಂಡರು. ಇಡೀ ಲಾಡು ತುರುಕಿಕೊಂಡವರ ಹಾಗೆ ತುಟಿ ಮುಂದೆ ಬಂತು. ಕೆಲವರು ನಕ್ಕರು. ಅವರು ಯಾರ ಕಡೆಯೂ ನೋಡಲಿಲ್ಲ.

ಎದುರಾಳಿ ಎತ್ತರದ ಹುಡುಗಿ, ನಮ್ಮವಳನ್ನು ಹಿಂದೆ ಎರಡು ಸಲ ಸೋಲಿಸಿದವಳು. ಅರ್ಧ ಆಟಕ್ಕೆ ನಮ್ಮವಳು ಎರಡು ಅಂಕ ಹಿಂದಿದ್ದಳು. ವಸ್ತಾದರು ಕುರ್ಚಿಯಿಂದ ಅರ್ಧ ಎದ್ದರು, ಕೈ ಎತ್ತಿದರು, "ಊಂ... ಊಂಂ!" ಎಂದರು, ಕೂತರು. ತೊಡೆ ಬಡಿದುಕೊಂಡರು. ಮತ್ತೆ ಎದ್ದರು, ಮತ್ತೆ ಊಂ. ಆ ಎತ್ತರದ ಹುಡುಗಿ ಎರಡು ಮೂರು ಸಲ ನಮ್ಮ ಕುರ್ಚಿಯ ಕಡೆಗೇ ತಿರುಗಿ ನೋಡಿದ್ದು ನನಗೆ ವಿಚಿತ್ರವೆನಿಸಿತು.

ಕೊನೆಯ ನಿಮಿಷದಲ್ಲಿ ಅವಳು ಹಾಗೆ ಒಮ್ಮೆ ಕಣ್ಣು ತಿರುಗಿಸಿದಾಗ ನಮ್ಮವಳು ಕೆಳಗೆ ನುಗ್ಗಿ ಕಾಲು ಹಿಡಿದೇಬಿಟ್ಟಳು. ಇಬ್ಬರೂ ಧೊಪ್ಪೆಂದು ಬಿದ್ದರು. ತಾಯಿ ಸೆರಗಿನಿಂದ ಕಣ್ಣು ಮುಚ್ಚಿಕೊಂಡರು.

"ಎದ್ಲೇನ್ರಿ ಅಕ್ಕಾರ? ಎದ್ಲೇನು?"

"ಎದ್ದಾಳ. ಕಣ್ಣು ತಗದು ನೋಡ್ರಿ, ಆಕಿ ಕೈ ಮ್ಯಾಲೆ ಎತ್ಯಾರ."

ಎದುರಾಳಿ ಎರಡೂ ಭುಜ ನೆಲಕ್ಕೆ ತಾಗಿ ಚಿತ್ ಆಗಿದ್ದಳು. ತಾಯಿ ಜನರನ್ನು ತಳ್ಳಿಕೊಂಡು ಓಡಿ, ಮಗಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, "ತಲಿ ನೋಯಾಕತ್ತೈತೇನು?" ಎಂದರು. ಮಗಳು ಮಾತಾಡಲಿಲ್ಲ. ಸುಮ್ಮನೆ ನಿಂತಿದ್ದಳು. ತಾಯಿಯ ಮುಖ ಬಿಳಿಚಿತು. ಹುಡುಗಿ ಅವಸರವಾಗಿ ಬಾಯಿಯಿಂದ ಗಾರ್ಡ್ ಕಿತ್ತು ತೆಗೆದಳು.

"ಇಲ್ಲಬೇ ಯವ್ವಾ! ಬಾಯಾಗ ಗಾರ್ಡ್ ಇತ್ತು, ಹೆಂಗ ಮಾತಾಡ್ಲಿ?"

ತಾಯಿ ಅಲ್ಲೇ ಅವಳ ಬೆನ್ನಿಗೆ ಒಂದು ಗುದ್ದು ಕೊಟ್ಟು, ಅವಳ ಹೆಗಲ ಮೇಲೆಯೇ ಅತ್ತರು. ನನ್ನ ಕಣ್ಣೂ ತುಂಬಿತು, ಅದನ್ನೇನು ಮುಚ್ಚಿಡುವುದು.

ಮರುದಿನ ಮುಂಜಾನೆ ಹುಡುಗಿಯೂ ವಸ್ತಾದರೂ ಮೆಟ್ಟಿಲು ಹತ್ತಿ ಬಂದರು. ಹಿಂದೆ ಪೇಢೆಯ ಡಬ್ಬಿ ಹಿಡಿದ ತೊಂಬತ್ತು ಕಿಲೋ. ಆಟವಾದ ಮೇಲೆ ಗಾರ್ಡ್ ತೋರಿಸಬೇಕೆಂದು ನಾನೇ ಹೇಳಿದ್ದೆ. ಹುಡುಗಿಯದು ನೋಡಿದೆ, ಹೊಸದರ ಹಾಗಿತ್ತು. ವಸ್ತಾದರು ಕರವಸ್ತ್ರ ಬಿಚ್ಚಿದರು. ಅದರಲ್ಲಿ ಅವರ ಗಾರ್ಡ್ ಎರಡು ತುಂಡಾಗಿ ಬಿದ್ದಿತ್ತು. ಒಂದೊಂದು ತುಂಡಿನಲ್ಲೂ ದವಡೆಹಲ್ಲಿನ ತೂತು.

"ವಸ್ತಾದರ, ನಿನ್ನೆ ಕುಸ್ತಿ ಆಡಿದವರು ಯಾರು?"

ಅವರಿಗೆ ನಾಚಿಕೆಯಾಯಿತು. "ಖರೇ ಅಂದ್ರ ತಲಿ ಹಗರ ಐತ್ರಿ. ಆದ್ರ ಆಕಿಗೆ ಒಂದು ಮಾತು ಹೇಳಾಕ ಆಗಲಿಲ್ಲಲ್ಲ ಅಂತ ಸಂಕಟ ಆತು."

ಹುಡುಗಿ ನನ್ನನ್ನು ನೋಡಿದಳು, ಹೇಳಲೋ ಬೇಡವೋ ಎನ್ನುವ ಹಾಗೆ. ಆಮೇಲೆ ಹೇಳಿಯೇಬಿಟ್ಟಳು.

"ಸಿಟ್ಟಾಗಬ್ಯಾಡ್ರಿ ವಸ್ತಾದರ. ಮೊದಲಿನ ಎರಡೂ ಸಲ ನೀವು 'ಕಾಲ್ ಹಿಡೀ' ಅಂತ ಒದರಿದ್ರಿಲ್ರಿ? ಅದನ್ನ ಕೇಳಿ ನನಕಿಂತ ಮೊದ್ಲ ಆಕಿನ ಕಾಲು ಹಿಂದ ತಗೋತಿದ್ಲು. ನಿನ್ನೆ ನೀವು ಯಾವಾಗ ಒದರ್ತೀರಿ ಅಂತ ಕಾಯಕೋತ ನಿಮ್ಮನ್ನ ನೋಡಾಕ ಹತ್ತಿದ್ಲು. ಅಷ್ಟರಾಗ ನಾ ಹಿಡದ್ನಿ."

ವಸ್ತಾದರು ಆ ತುಂಡುಗಳನ್ನು ಕೈಯಲ್ಲಿ ಹಿಡಿದು ಕೂತುಬಿಟ್ಟರು. ಮನಸ್ಸಿನಲ್ಲಿ ಹಳೆಯ ಕುಸ್ತಿಗಳನ್ನೆಲ್ಲ ಒಂದೊಂದಾಗಿ ತಿರುಗಿಸಿ ನೋಡುತ್ತಿರುವುದು ಮುಖದ ಮೇಲೆ ಕಾಣುತ್ತಿತ್ತು.

"ಅಂದ್ರ," ಎಂದರು ಕೊನೆಗೆ, "ಇಷ್ಟು ವರ್ಷ ನಾ ಎದುರಿಗಿನವರಿಗೆ ಕಲಿಸೇನಿ?"

ಬಾಗಿಲಲ್ಲಿದ್ದ ತೊಂಬತ್ತು ಕಿಲೋ ಪೈಲ್ವಾನ, "ಛಲೋ ಕಲಿಸೀರ್ರಿ ವಸ್ತಾದರ. ಎಲ್ಲಾರೂ ಗೆದ್ದಾರ" ಎಂದ.

ವಸ್ತಾದರು ಅವನ ಕಡೆ ತಿರುಗಲೂ ಇಲ್ಲ. ಎದ್ದು ಬಂದು, ನನ್ನ ಕುರ್ಚಿಯ ಮೇಲೆ ನೆಟ್ಟಗೆ ಮಲಗಿ, ಆ ಎರಡು ತುಂಡುಗಳನ್ನು ನನ್ನ ಕೈಗಿಟ್ಟರು.

"ಇನ್ನೊಂದು ಅಚ್ಚು ತಗೋರಿ ಅಕ್ಕಾರ. ಇದು ಜಿಲ್ಲಾಮಟ್ಟದ್ದು, ತಡೀಲಿಲ್ಲ. ಈ ಸಲ ರಾಜ್ಯಮಟ್ಟದ್ದು ಮಾಡ್ರಿ, ದಪ್ಪ ಇರ್ಲಿ."